ಊರಿನ ಸಭೆಗೆ ಮೊದಲ ವರ್ಷವೇ ಹೋಗಿ

ಇಂಗ್ಲೆಂಡಿಗೆ ಬಂದಿಳಿದ ಹೊಸದರಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಬಾಡಿಗೆ ಮನೆ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ, ಡಾಕ್ಟರ ಹತ್ತಿರ ನೋಂದಣಿ, ಚಳಿಗಾಲದ ಕೋಟು ಎಂದು ಓಡಾಟವೇ ಆಗುತ್ತದೆ. ಇವುಗಳ ಬಗ್ಗೆ ನಮ್ಮ ಕನ್ನಡ ಕೂಟದ ಸುದ್ದಿಪತ್ರದ ಹಿಂದಿನ ಸಂಚಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ನಾನು ಬರೆಯಹೊರಟಿರುವುದು ಆ ಪಟ್ಟಿಗೆ ಸೇರದೆ ಉಳಿದ ಒಂದು ಕೆಲಸದ ಬಗ್ಗೆ. ನೀವಿರುವ ಊರಿನ ಆಡಳಿತದಲ್ಲಿ ನೀವೂ ಮಾತಾಡಬೇಕು. ಪೌರತ್ವ ಸಿಗಲಿ, ಮನೆ ಕೊಳ್ಳೋಣ, ಮಕ್ಕಳು ದೊಡ್ಡವರಾಗಲಿ, ಆಮೇಲೆ ನೋಡಿದರಾಯಿತು ಎಂದು ನಮ್ಮವರು ಇದನ್ನು ಮುಂದಕ್ಕೆ ಹಾಕುತ್ತಲೇ ಇರುತ್ತಾರೆ. ಅಷ್ಟು ಕಾಯಬೇಕಿಲ್ಲ. ಕಾದವರು ಆಮೇಲೂ ಹೋಗುವುದಿಲ್ಲ ಎಂಬುದನ್ನು ನಾನು ಇಲ್ಲಿ ನೋಡುತ್ತ ಬಂದಿದ್ದೇನೆ.

ನಾನು ಸಿರುಗುಪ್ಪ ತಾಲ್ಲೂಕಿನ ರಾರಾವಿ ಕಡೆಯವಳು. ಸಿರುಗುಪ್ಪದಿಂದ ಆದೋನಿಗೆ ಹೋಗುವ ದಾರಿಯಲ್ಲಿ, ಹಗರಿ ಹೊಳೆಯ ಪಕ್ಕದ ಊರು. ಆಂಧ್ರದ ಗಡಿ ದೂರವಿಲ್ಲ. ಭತ್ತ, ಕಾಲುವೆ ನೀರು, ಮಳೆ ಜಾಸ್ತಿಯಾದರೆ ಸೇತುವೆಯ ಚಿಂತೆ, ಇವೇ ಅಲ್ಲಿಯ ಮಾತು. ಆ ಮಾತೂ ಅರ್ಧ ಕನ್ನಡ, ಅರ್ಧ ತೆಲುಗು. ನಮ್ಮ ಅಜ್ಜಿಯ ಕಾಲದಲ್ಲಿ ಊರಿನ ಪಂಚಾಯ್ತಿ ಎಂದರೆ ಕಟ್ಟೆಯ ಮೇಲೆ ಕೂತ ನಾಲ್ಕು ಗಂಡಸರು. ಹೆಂಗಸರು ಆ ಕಡೆ ಹಾದು ಹೋಗುವಾಗ ಸೆರಗು ಎಳೆದುಕೊಂಡು ಬಿರಬಿರನೆ ನಡೆಯುತ್ತಿದ್ದರು.

ಇದು ತಾನಾಗಿ ಬದಲಾಗಲಿಲ್ಲ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್, ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಎನಿಸಿಕೊಂಡವರು, 1983ರಲ್ಲಿ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯತಿಗಳ ಕಾನೂನು ತಂದರು. 1987ರಲ್ಲಿ ಚುನಾವಣೆ ನಡೆದಾಗ ಶೇ 25ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಅಂಥ ಮೀಸಲಾತಿ ತರುವ ಎಷ್ಟೋ ವರ್ಷ ಮೊದಲಿನ ಮಾತಿದು. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಅದು ಮೂರನೇ ಒಂದು ಭಾಗವಾಯಿತು, 2010ರಲ್ಲಿ ಅರ್ಧವಾಯಿತು. ಸುಮಾರು ನಾನೂರು ಜನಕ್ಕೆ ಒಬ್ಬ ಸದಸ್ಯರೆಂದರೆ, ಒಂದೊಂದು ಓಣಿಯಲ್ಲೂ ಪಂಚಾಯ್ತಿಯಲ್ಲಿ ಕೂತು ಬಂದ ಹೆಣ್ಣುಮಗಳೊಬ್ಬಳು ಸಿಗುತ್ತಾಳೆ.

ಮೀಸಲಾತಿ ಕುರ್ಚಿಯನ್ನೇನೋ ಕೊಟ್ಟಿತು. ಆ ಕುರ್ಚಿಯಲ್ಲಿ ಕೂತು ಏನು ಕೇಳಬೇಕು, ಯಾವ ಕಾಗದಕ್ಕೆ ಸಹಿ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದನ್ನು ಯಾರಾದರೂ ಹೇಳಿಕೊಡಬೇಕಿತ್ತು. ಮೈಸೂರಿನಲ್ಲಿ ನಜೀರ್ ಸಾಬ್ ಅವರ ಹೆಸರಿನಲ್ಲೇ ಇರುವ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ಈ ಕೆಲಸ ಮಾಡುತ್ತದೆ. ಚುನಾವಣೆಯಾದ ಮೇಲೆ ಹೊಸ ಸದಸ್ಯರಿಗೆ ತರಬೇತಿ ನಡೆಯುತ್ತದೆ. ತಾಲ್ಲೂಕುಗಳಲ್ಲಿ ಅದಕ್ಕೆಂದೇ ಸಾಮರ್ಥ್ಯ ಸೌಧಗಳಿವೆ. ಅಲ್ಲಿ ಭಾಷಣ ಕಲೆ ಕಲಿಸುತ್ತಾರೆಂದು ಹೊರಗಿನವರು ಅಂದುಕೊಳ್ಳಬಹುದು. ಕಲಿಸುವುದು ಅದಕ್ಕಿಂತ ಗಟ್ಟಿಯಾದದ್ದು. ಅಜೆಂಡಾ ಮೊದಲೇ ಕೈಗೆ ಬರಬೇಕು. ಕೋರಂ ಇಲ್ಲದೆ ಸಭೆ ಶುರುವಾಗಬಾರದು. ಠರಾವನ್ನು ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಎಂಬುದು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ವರ್ಷಕ್ಕೊಮ್ಮೆ ಜಮಾಬಂದಿ ನಡೆದು, ಬಂದ ಹಣ ಎಷ್ಟು, ಖರ್ಚು ಎಲ್ಲಿ ಎಂದು ಜನರ ಮುಂದೆ ಲೆಕ್ಕ ಒಪ್ಪಿಸಬೇಕು.

ಸಹಿಯ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹೊಸ ಸದಸ್ಯೆಯ ಮನೆ ಬಾಗಿಲಿಗೇ ನಡಾವಳಿ ಪುಸ್ತಕ ಬರುವುದುಂಟು. ಗಂಡನೋ ಮೈದುನನೋ ‘ಇಲ್ಲೊಂದು ಸಹಿ ಮಾಡು’ ಎನ್ನುವುದುಂಟು. ಪುಟದ ಮೇಲ್ಭಾಗ ಖಾಲಿ, ಕೆಳಗೆ ಹೆಸರುಗಳ ಸಾಲು. ತರಬೇತಿ ಆದವಳು ಪುಸ್ತಕ ತಿರುಗಿಸಿ, ‘ಮ್ಯಾಲೆ ಏನೂ ಬರದಿಲ್ಲಲ್ರೀ, ಬರದ ಮ್ಯಾಲೆ ಓದ್ರಿ, ಕೇಳಿ ಮಾಡ್ತೀನಿ’ ಅನ್ನುತ್ತಾಳೆ. ಅಷ್ಟು ಅನ್ನಲು ಅವಳಿಗೆ ಎಷ್ಟು ಧೈರ್ಯ ಬೇಕಾಯಿತೆಂಬುದು ಆ ಮನೆಯ ಹೆಂಗಸರಿಗೆ ಗೊತ್ತು. ಆ ಧೈರ್ಯ ಹುಟ್ಟಿನಿಂದ ಬಂದದ್ದಲ್ಲ. ಸ್ವಸಹಾಯ ಸಂಘದಲ್ಲಿ ಗುಂಡಗೆ ಚಾಪೆ ಮೇಲೆ ಕೂತು, ಸರದಿಯಂತೆ ಒಬ್ಬೊಬ್ಬರೇ ಸಭೆ ನಡೆಸಿ, ಉಳಿತಾಯ, ಸಾಲ, ಮರುಪಾವತಿಯ ಲೆಕ್ಕ ಬಾಯಿಬಿಟ್ಟು ಓದಿ, ಅಣಕು ಗ್ರಾಮಸಭೆಯಲ್ಲಿ ಒಮ್ಮೆ ಅಧ್ಯಕ್ಷೆಯಾಗಿ ಒಮ್ಮೆ ಅರ್ಜಿದಾರಳಾಗಿ ನಿಂತು ರೂಢಿಯಾದದ್ದು. ಸ್ತ್ರೀಶಕ್ತಿ ಗುಂಪುಗಳಿಂದ ಹಿಡಿದು ಈಗಿನ ಸಂಜೀವಿನಿ ಒಕ್ಕೂಟಗಳವರೆಗೆ ಇದೇ ಪಾಠಶಾಲೆ. ನಾಯಕತ್ವ ತರಬೇತಿ ಎಂದರೆ ನನಗೆ ಕಣ್ಣ ಮುಂದೆ ಬರುವುದು ಇದು.

ಈಗ ನಿಮ್ಮ ಮನೆಗೆ ಬಂದ ಕೌನ್ಸಿಲ್ ಟ್ಯಾಕ್ಸ್ ಬಿಲ್ ತೆಗೆದು ನೋಡಿ. ಕೌಂಟಿಗೆ ಇಷ್ಟು, ಪೊಲೀಸಿಗೆ ಇಷ್ಟು ಎಂದು ಬಿಡಿಸಿ ಬರೆದಿರುತ್ತಾರೆ. ಅದರಲ್ಲಿ ಪ್ಯಾರಿಷ್ ಅಥವಾ ಟೌನ್ ಕೌನ್ಸಿಲ್ ಎಂಬ ಸಾಲಿದ್ದರೆ, ನಮ್ಮ ಗ್ರಾಮ ಪಂಚಾಯ್ತಿಗೆ ತೀರ ಹತ್ತಿರದ ಸಂಸ್ಥೆಯೊಂದು ನಿಮ್ಮ ದುಡ್ಡಿನಲ್ಲೂ ನಡೆಯುತ್ತಿದೆ ಎಂದರ್ಥ. ನಮ್ಮಲ್ಲಿ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮಾಡುವ ಕೆಲಸದ ಬಹುಪಾಲನ್ನು ಅಲ್ಲಿ ಕ್ಲರ್ಕ್ ಮಾಡುತ್ತಾರೆ. ಸಭೆಗೆ ಕನಿಷ್ಠ ಮೂರು ಪೂರ್ಣ ದಿನ ಮುಂಚೆ ಅಜೆಂಡಾ ಪ್ರಕಟವಾಗಬೇಕು. ಊರಿನ ನೋಟಿಸ್ ಬೋರ್ಡಿನ ಗಾಜಿನ ಹಿಂದೆ ಅದನ್ನು ಅಂಟಿಸಿರುತ್ತಾರೆ. ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಸಾರ್ವಜನಿಕರ ಮಾತಿಗೆಂದು ಹೊತ್ತು ಇಟ್ಟಿರುತ್ತಾರೆ, ಸಾಮಾನ್ಯವಾಗಿ ಒಬ್ಬರಿಗೆ ಮೂರು ನಿಮಿಷ.

ಗ್ರಾಮಸಭೆಯಂಥದ್ದೂ ಒಂದಿದೆ. ಪ್ರತಿ ಪ್ಯಾರಿಷ್‌ನಲ್ಲಿ ಮಾರ್ಚ್ 1ರಿಂದ ಜೂನ್ 1ರೊಳಗೆ ಮತದಾರರೆಲ್ಲರ ವಾರ್ಷಿಕ ಸಭೆ ಆಗಲೇಬೇಕು. ಕೆಲಸಕ್ಕೆ ಹೋಗುವವರಿಗೂ ಅನುಕೂಲವಾಗಲೆಂದು ಸಂಜೆ ಆರಕ್ಕಿಂತ ಮೊದಲು ಅದನ್ನು ಶುರುಮಾಡುವಂತಿಲ್ಲ. ಯಾರೂ ಕರೆಯದಿದ್ದರೆ ಆರು ಮಂದಿ ಮತದಾರರು ಸೇರಿ ತಾವೇ ಸಭೆ ಕರೆಯಬಹುದು. ಆರು ಮಂದಿ, ಅಷ್ಟೇ. ನಮ್ಮ ಜಮಾಬಂದಿಯ ಹಾಗೆ ಇಲ್ಲಿ ಬೇಸಿಗೆಯಲ್ಲಿ ಕೌನ್ಸಿಲ್‌ಗಳ ಲೆಕ್ಕಪುಸ್ತಕ ಮೂವತ್ತು ಕೆಲಸದ ದಿನ ಜನರ ಪರಿಶೀಲನೆಗೆ ತೆರೆದಿರುತ್ತದೆ. ಜುಲೈನ ಮೊದಲ ಹತ್ತು ಕೆಲಸದ ದಿನಗಳು ಅದರಲ್ಲಿ ಸೇರಿಯೇ ಇರುತ್ತವೆ.

ಮತದಾರರೆಂದೆ. ಹೊಸಬರಿಗೆ ಅತಿ ಕಡಿಮೆ ಗೊತ್ತಿರುವ, ಅತಿ ಮುಖ್ಯವಾದ ಸಂಗತಿ ಇದು: ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವೀಸಾದ ಮೇಲೆ ಕ್ರಮಬದ್ಧವಾಗಿ ವಾಸಿಸುವ ಭಾರತೀಯ ಪ್ರಜೆಗಳು ಇಲ್ಲಿ ಮತ ಹಾಕಬಹುದು. ಸ್ಥಳೀಯ ಚುನಾವಣೆಯಲ್ಲಷ್ಟೇ ಅಲ್ಲ, ಪಾರ್ಲಿಮೆಂಟಿನದರಲ್ಲೂ. ಡಿಪೆಂಡೆಂಟ್ ವೀಸಾದ ಮೇಲೆ ಬಂದವರಿಗೂ ಈ ಹಕ್ಕಿದೆ. ಅಕ್ಕಂದಿರೇ, ತಂಗಿಯರೇ, ವೀಸಾದ ಮೇಲೆ ಅವಲಂಬಿತೆ ಎಂದು ಬರೆದಿದ್ದರೂ ಮತದಾರರ ಪಟ್ಟಿಯಲ್ಲಿ ನೀವು ಯಾರ ಅವಲಂಬಿತೆಯೂ ಅಲ್ಲ. ಸರ್ಕಾರದ ಜಾಲತಾಣದಲ್ಲಿ ನಿಮ್ಮ ಹೆಸರನ್ನು ನೀವೇ ಸೇರಿಸಿಕೊಳ್ಳಿ. 2023ರಿಂದ ಇಂಗ್ಲೆಂಡಿನಲ್ಲಿ ಮತಗಟ್ಟೆಗೆ ಫೋಟೊ ಇರುವ ಗುರುತಿನ ಚೀಟಿ ಒಯ್ಯಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಅಭ್ಯರ್ಥಿಯಾಗಿ ನಿಲ್ಲಬೇಕೆಂದರೆ ಮಾತ್ರ ಕಾಯಂ ವಾಸದ ಅನುಮತಿ ಇರಬೇಕು.

ಅದು ಸಿಗುವವರೆಗೆ ಮಾಡಲು ಕೆಲಸ ಬೇಕಾದಷ್ಟಿದೆ. ಶಾಲೆಯಲ್ಲಿ ಪೋಷಕರ ಪರವಾಗಿ ಗವರ್ನರ್ ಆಗಬಹುದು. ಸಾಮಾನ್ಯವಾಗಿ ನಾಲ್ಕು ವರ್ಷದ ಅವಧಿ, ಸಂಬಳವಿಲ್ಲ, ಪೌರತ್ವ ಕೇಳುವುದಿಲ್ಲ. ಶಾಲೆಯ ಬಜೆಟ್ ಓದುವುದು, ಹೆಡ್‌ಮಾಸ್ತರರನ್ನು ಗೌರವದಿಂದಲೇ ಪ್ರಶ್ನೆ ಕೇಳುವುದು, ಮಕ್ಕಳ ಫಲಿತಾಂಶದ ಅಂಕಿಅಂಶ ಅರ್ಥ ಮಾಡಿಕೊಳ್ಳುವುದು ಅಲ್ಲಿ ರೂಢಿಯಾಗುತ್ತದೆ. ಹೊಸ ಗವರ್ನರ್‌ಗಳಿಗೆ ತರಬೇತಿಯೂ ಸಿಗುತ್ತದೆ. ನನ್ನ ಮಟ್ಟಿಗೆ ಹೊಸಬರಿಗೆ ಇದಕ್ಕಿಂತ ಒಳ್ಳೆಯ ನಾಯಕತ್ವ ಶಿಬಿರವಿಲ್ಲ. ನಿಮ್ಮ ಡಾಕ್ಟರ ಕ್ಲಿನಿಕ್ಕಿನಲ್ಲೂ ರೋಗಿಗಳ ಗುಂಪೊಂದು ಇರುತ್ತದೆ, ಅದಕ್ಕೂ ಸೇರಬಹುದು. ದೊಡ್ಡ ನಗರಗಳಲ್ಲಿ ಪ್ಯಾರಿಷ್ ಇರದಿದ್ದರೆ ವಾರ್ಡಿನ ಕೌನ್ಸಿಲರ್ ಲೈಬ್ರರಿಯಲ್ಲೋ ಹಾಲ್‌ನಲ್ಲೋ ಜನರನ್ನು ಭೇಟಿಯಾಗುವ ಹೊತ್ತು ಕೇಳಿಕೊಂಡು ಹೋಗಿ.

‘ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೆ’ ಎನ್ನುವವರಿಗೆ ನನ್ನದೊಂದು ಮಾತು. ರಾರಾವಿ ಕಡೆ ತೆಲುಗು ಮನೆಮಾತಿನ ಹೆಂಗಸರು ಕನ್ನಡದ ಸಭೆಯಲ್ಲಿ ಎದ್ದು ನಿಂತು ಕಾಲುವೆ ನೀರು ಕೇಳುತ್ತಾರೆ. ವ್ಯಾಕರಣದ ತಪ್ಪು ಯಾರೂ ಎಣಿಸುವುದಿಲ್ಲ, ಕೇಳಿದ್ದು ಏನೆಂದು ಎಲ್ಲರಿಗೂ ತಿಳಿಯುತ್ತದೆ. ಮೂರು ನಿಮಿಷಕ್ಕೆ ಮೂರೇ ಸಂಗತಿ ಬರೆದುಕೊಳ್ಳಿ. ಎಲ್ಲಿ ಏನಾಗಿದೆ, ಅದರಿಂದ ಯಾರಿಗೆ ತೊಂದರೆ, ನೀವು ಕೇಳುವುದೇನು. ಶಾಲೆ ಮುಂದಿನ ರಸ್ತೆಗೆ ಝೀಬ್ರಾ ಪಟ್ಟೆ ಬೇಕೆಂಬಷ್ಟು ಚಿಕ್ಕದನ್ನೇ ಮೊದಲು ಎತ್ತಿಕೊಳ್ಳಿ. ಅದು ಕೌಂಟಿಯ ಕೆಲಸ ಎಂದು ಉತ್ತರ ಬಂದರೂ ನಷ್ಟವಿಲ್ಲ. ಯಾರನ್ನು ಕೇಳಬೇಕೆಂಬುದು ತಿಳಿಯಿತಲ್ಲ. ಮನೆಗೆ ಬಂದ ಮೇಲೆ ನಡಾವಳಿಯಲ್ಲಿ ನಿಮ್ಮ ಪ್ರಶ್ನೆ ದಾಖಲಾಗಿದೆಯೇ ನೋಡಿ, ಆಗದಿದ್ದರೆ ಕ್ಲರ್ಕ್‌ಗೆ ಬರೆದು ಕೇಳಿ.

ಕಲಬುರಗಿ ಜಿಲ್ಲೆಯ ಕಮಲಾಪುರದಿಂದ ಬಂದ ಡಾ. ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕೌನ್ಸಿಲರ್ ಆಗಿ, 2010ರಲ್ಲಿ ಮೇಯರ್ ಆದರು. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ಹಿಂದೆ ಅವರ ಶ್ರಮವಿದೆ. ಅಲ್ಲಿ ಫೋಟೊ ತೆಗೆಸಿಕೊಳ್ಳಲು ಹೋದಾಗ, ಅದಕ್ಕೆ ಅನುಮತಿ ಪಡೆಯಲು ಎಷ್ಟು ಅರ್ಜಿ, ಎಷ್ಟು ಸಭೆ ಆಗಿರಬೇಕೆಂದು ಮಕ್ಕಳಿಗೂ ಹೇಳಿ.

ನಮ್ಮ ಕೂಟದಲ್ಲಿ ಯುಗಾದಿಗೆ ಹಾಲ್ ಗೊತ್ತುಮಾಡುವವರು, ಊಟದ ಲೆಕ್ಕ ಪೈಸೆ ತಪ್ಪದೆ ಇಡುವವರು, ಮುನಿಸಿಕೊಂಡ ಎರಡು ಮನೆಯವರನ್ನು ಒಂದೇ ನಾಟಕದಲ್ಲಿ ಕುಣಿಸುವವರು ಇದ್ದಾರೆ. ಇವೆಲ್ಲ ಊರಿಗೂ ಬೇಕಾದ ಕೆಲಸಗಳೇ. ಆದ್ದರಿಂದ ಸಮಿತಿಯ ಮುಂದೆ ನಾನೊಂದು ಸಲಹೆ ಇಟ್ಟಿದ್ದೇನೆ. ಹೊಸ ಕುಟುಂಬದವರು ಮೊದಲ ಸಲ ಊರಿನ ಸಭೆಗೆ ಹೋಗುವಾಗ ಹಳಬರೊಬ್ಬರು ಜೊತೆಗೆ ಹೋಗಬೇಕು. ತಿಂಗಳಿಗೊಂದು ಸಂಜೆ ಯಾರದಾದರೂ ಮನೆಯಲ್ಲಿ ಸೇರಿ ಒಂದು ಅಜೆಂಡಾ ಒಟ್ಟಿಗೆ ಓದಬೇಕು, ಮೂರು ನಿಮಿಷದ ಮಾತನ್ನು ಒಬ್ಬರ ಮುಂದೊಬ್ಬರು ಆಡಿ ನೋಡಬೇಕು. ಬರುವ ಮನಸ್ಸಿರುವವರು ಕೂಟದ ಕಾರ್ಯದರ್ಶಿಗೆ ಹೆಸರು ಕೊಡಿ. ಮನೆಯಿಂದ ಒಬ್ಬರೇ ಬರುವುದಾದರೆ, ಈ ಸಲ ಹೆಣ್ಣುಮಕ್ಕಳು ಬರಲಿ. ಮಕ್ಕಳನ್ನು ಆ ಹೊತ್ತು ಅಪ್ಪಂದಿರು ನೋಡಿಕೊಳ್ಳಲಿ.