ಮನೆಖರ್ಚಿನ ಲೆಕ್ಕ: ರಾಮನಗರದ ಎಳೆಯರಿಗೊಂದು ಪತ್ರ



ಜೊಯಿಡಾ ತಾಲ್ಲೂಕಿನ ರಾಮನಗರದಲ್ಲಿ ಈಗ ಕಾಲೇಜು ಮುಗಿಸಿ ದುಡಿಮೆಗೆ ಇಳಿಯುತ್ತಿರುವವರ ತಂದೆ-ತಾಯಿ 1980ರ ದಶಕದಲ್ಲಿ ಮಕ್ಕಳಾಗಿದ್ದವರು. ಆ ಕಾಲದ ಮನೆಖರ್ಚನ್ನು ಇಂದಿನದರೊಡನೆ ಹೋಲಿಸಲು ನಂಬಬಹುದಾದ ಅಳತೆಯೊಂದಿದೆ. ಅದು ಕೇಂದ್ರದ ಕಾರ್ಮಿಕ ಬ್ಯೂರೊ ಪ್ರಕಟಿಸುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ಬೆಲೆ ಸಂಗ್ರಹಿಸುವ ಕೇಂದ್ರಗಳಲ್ಲಿ ಬೆಳಗಾವಿ, ಹುಬ್ಬಳ್ಳಿ-ಧಾರವಾಡಗಳೂ ಸೇರಿರುವುದರಿಂದ ಈ ಭಾಗದ ಸಂತೆ-ಅಂಗಡಿಗಳಿಗೆ ಅದು ದೂರದ ಅಂಕಿಯೇನಲ್ಲ. 1982ರಲ್ಲಿ 100 ಎಂದು ಹಿಡಿದ ಸೂಚ್ಯಂಕ 2001ಕ್ಕೆ 463 ಆಯಿತು. 2001ರಿಂದ 2016ರ ಒಳಗೆ ಬೆಲೆಗಳು ಮತ್ತೆ 2.88 ಪಟ್ಟಾದವು. ಅಲ್ಲಿಂದ 2025ರ ಮಧ್ಯದವರೆಗಿನ ಏರಿಕೆ ಸುಮಾರು ಶೇ 45. ಎಲ್ಲವನ್ನೂ ಗುಣಿಸಿದರೆ, 1982ರಲ್ಲಿ 100 ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ ಈಗ ಸುಮಾರು 1,900 ರೂಪಾಯಿ ಬೇಕು.

ಆದರೆ ಎಲ್ಲವೂ ಒಂದೇ ಸಮ ಏರಿದ್ದಲ್ಲ. ಆಗ 15 ಪೈಸೆಯಿದ್ದ ಅಂಚೆ ಕಾರ್ಡು ಇಂದಿಗೂ 50 ಪೈಸೆ. ಆಗ 10 ಗ್ರಾಂಗೆ ಸುಮಾರು 1,600-1,700 ರೂಪಾಯಿಯಿದ್ದ ಚಿನ್ನ 2025ರಲ್ಲಿ ಒಂದು ಲಕ್ಷ ದಾಟಿತು. ಉಳಿದ ಸಾಮಾನು ಸರಾಸರಿ ಹತ್ತೊಂಬತ್ತು ಪಟ್ಟಾದರೆ ಚಿನ್ನ ಅರವತ್ತು ಪಟ್ಟಿಗೂ ಹೆಚ್ಚಾಗಿದೆ. ಮದುವೆಗೆ ಇಷ್ಟು ತೊಲ ಎಂದು ಹಿರಿಯರ ಕಾಲದ ಲೆಕ್ಕವನ್ನೇ ಹಿಡಿದ ಮನೆ ಅಂದಿನ ಮೂರು ಪಟ್ಟಿಗೂ ಹೆಚ್ಚಿನ ಭಾರ ಹೊರುತ್ತದೆ. ಈ ಒಂದು ವಿಷಯದಲ್ಲಿ ಎಳೆಯರು ಹಿರಿಯರ ಮಾತು ಮೀರಿದರೂ ತಪ್ಪಿಲ್ಲ. ಮೊಬೈಲ್ ಕರೆಯ ಹಾದಿ ಚಿನ್ನದ ಹಾದಿಗೆ ತೀರ ವಿರುದ್ಧ. 1995ರಲ್ಲಿ ನಿಮಿಷಕ್ಕೆ 16 ರೂಪಾಯಿವರೆಗೂ ಇದ್ದದ್ದು ಈಗ ತಿಂಗಳ ರೀಚಾರ್ಜಿನೊಳಗೆ ಮುಗಿದುಹೋಗುತ್ತದೆ.

ಮನೆಯ ಹಣ ಹೋಗುವ ದಾರಿಯೂ ಬದಲಾಗಿದೆ. ಅದೇ ಸೂಚ್ಯಂಕದ 2001ರ ಸರಣಿಯಲ್ಲಿ ಊಟ-ತಿಂಡಿಯ ಪಾಲು ಶೇ 46.2. 2016ರ ಸರಣಿಯಲ್ಲಿ ಅದು ಶೇ 39.17ಕ್ಕೆ ಇಳಿದರೆ, ಓದು, ಔಷಧ, ಓಡಾಟ, ಫೋನುಗಳನ್ನು ಒಳಗೊಂಡ ಇತರೆ ಬಾಬತ್ತು ಶೇ 23.26ರಿಂದ 30.31ಕ್ಕೆ ಏರಿತು. ಪಡಿತರದ ಅಕ್ಕಿಯಿಂದಲೂ ಹೊಟ್ಟೆಯ ಹೊರೆ ಹಗುರಾಗಿದೆ. 2013ರ ಅನ್ನಭಾಗ್ಯ ಯೋಜನೆಯಲ್ಲಿ ಕಿಲೋಗೆ ಒಂದು ರೂಪಾಯಿಯಿದ್ದದ್ದು 2015ರಿಂದ ಪುಕ್ಕಟೆ.

ಸೂಚ್ಯಂಕ ಹಿಡಿಯಲಾಗದ ಬದಲಾವಣೆಯೊಂದು ರಾಮನಗರದಲ್ಲಿ ಎಲ್ಲಕ್ಕಿಂತ ದೊಡ್ಡದು. ಈ ಊರು ಬೆಳೆದದ್ದೇ ಸೂಪಾ ಅಣೆಕಟ್ಟಿನಿಂದ ಮನೆ-ಗದ್ದೆ ಕಳೆದುಕೊಂಡವರ ಪುನರ್ವಸತಿಯಾಗಿ. ಕಾಳಿ ಮತ್ತು ಪಾಂಡರಿ ನದಿ ಕೂಡುವಲ್ಲಿ ತಾಲ್ಲೂಕಿನ ಕೇಂದ್ರವಾಗಿದ್ದ ಸೂಪಾ ಪೇಟೆ, 1987ರಲ್ಲಿ ಪೂರ್ಣಗೊಂಡ 101 ಮೀಟರ್ ಎತ್ತರದ ಕಟ್ಟೆಯ ಹಿಂದಿನ ನೀರಿನೊಳಗೆ ಹೋಯಿತು. ತಾಲ್ಲೂಕಿಗೆ ಜೊಯಿಡಾ ಎಂಬ ಹೆಸರಾಯಿತು. ಆ ಕಣಿವೆಯ ಬದುಕಿನಲ್ಲಿ ಒಲೆಯ ಕಟ್ಟಿಗೆ, ಹೊಳೆಯ ಮೀನು, ಮಳೆಗಾಲದ ಕಳಲೆ, ಅಣಬೆ, ಗೆಡ್ಡೆ-ಗೆಣಸು, ಮುರುಗಲು, ಗದ್ದೆಗೆ ಹಾಕುವ ಸೊಪ್ಪು, ಮಾಡಿಗೆ ಹೊದೆಸುವ ಹುಲ್ಲು, ಬೇಲಿಯ ಬಿದಿರು ಇವಕ್ಕೆಲ್ಲ ಬೇಕಾದದ್ದು ಮೈದುಡಿತ. ಕೈಯಲ್ಲಿ ಕಾಸಿಲ್ಲದ ದಿನವೂ ಒಲೆ ಉರಿಯುತ್ತಿತ್ತು. ಉಪ್ಪು, ಸೀಮೆಎಣ್ಣೆ, ಬಟ್ಟೆಗಷ್ಟೇ ಪೇಟೆ. ಹೆದ್ದಾರಿ ಬದಿಯ ಸೈಟಿಗೆ ಬಂದ ಮೇಲೆ ಒಂದೊಂದಕ್ಕೂ ದುಡ್ಡು ಎಣಿಸುವ ಕಾಲ ಬಂತು. ಈಗ ಅಡುಗೆ ಗ್ಯಾಸಿನ ಒಂದು ಸಿಲಿಂಡರಿಗೇ 800 ರೂಪಾಯಿಗೂ ಮೇಲೆ. ಸುತ್ತಲ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಮೇಲೆ ಕಾಡಿನ ಹಳ್ಳಿಗಳಲ್ಲೂ ಕಟ್ಟಿಗೆ-ಬಿದಿರು ಹಿಂದಿನಷ್ಟು ಸಲೀಸಲ್ಲ. ಅಂದಿನವರು ಕಡಿಮೆ ದುಡ್ಡಿನಲ್ಲಿ ಸುಖವಾಗಿದ್ದರು ಎಂಬ ಮಾತು ಅರ್ಧ ಸತ್ಯ ಮಾತ್ರ. ದುಡ್ಡು ಕಡಿಮೆ ಸಾಕಾದದ್ದು ಹೊಳೆ-ಕಾಡು ಕೈಯಳತೆಯಲ್ಲಿದ್ದುದರಿಂದ, ಹೆಂಗಸರು ತಲೆಹೊರೆ ಹೊತ್ತು ದಿನವಿಡೀ ದುಡಿದುದರಿಂದ.

ಬೆಲೆ ಎಲ್ಲರಿಗೂ ಒಂದೇ ಅಲ್ಲ ಎಂಬುದಕ್ಕೂ ಇದೇ ಕಾಡು ಸಾಕ್ಷಿ. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದ ಕಾರ್ಖಾನೆ ಶುರುವಾದಾಗ ಸರ್ಕಾರ ಅದಕ್ಕೆ ಬಿದಿರನ್ನು ಟನ್ನಿಗೆ ಒಂದೆರಡು ರೂಪಾಯಿಯ ದರದಲ್ಲಿ ಕೊಟ್ಟಿತು. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ನೂರಾರು ಪಟ್ಟು ಕೊಡಬೇಕಿತ್ತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಇದನ್ನು ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ. ಬಿದಿರಿನ ಬುಟ್ಟಿಗಿಂತ ಪ್ಲಾಸ್ಟಿಕ್ ಬುಟ್ಟಿ ಅಗ್ಗವಾಗಿ ಕಾಣುವುದರ ಹಿಂದೆ ಈ ಅನ್ಯಾಯದ ಪಾಲೂ ಇದೆ.

ಯಾವ ಬೆಲೆಯನ್ನೇ ಆಗಲಿ ಕೂಲಿಯ ದಿನಗಳಿಗೆ ತಿರುಗಿಸಿ ನೋಡುವುದು ಸರಿಯಾದ ಕ್ರಮ. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ, ಅಂದರೆ 1982ರ ಬೆಲೆಯಲ್ಲಿ ಹತ್ತೊಂಬತ್ತು ರೂಪಾಯಿ ಚಿಲ್ಲರೆ. ಆಗಿನ ಹೊಲಗೂಲಿ ಇದಕ್ಕಿಂತ ಸಾಕಷ್ಟು ಕಡಿಮೆ. ದಿನದ ದುಡಿಮೆ ಈಗ ಹೆಚ್ಚು ಕೊಳ್ಳುತ್ತದೆ. ಆದರೂ ಕೈ ಬರಿದಾಗುವುದೇಕೆ ಎಂದರೆ, ಆಗ ಕೊಳ್ಳದೇ ನಡೆಯುತ್ತಿದ್ದುದನ್ನೆಲ್ಲ ಈಗ ಕೊಳ್ಳಬೇಕು. ಕೂಲಿ ಸಿಗುವ ದಿನಗಳು ಮಾತ್ರ ವರ್ಷವಿಡೀ ಇಲ್ಲ. ಹೊಸದಾಗಿ ಮನೆ ಹೂಡುವವರು ತಿಂಗಳ ಖರ್ಚು ಬರೆದಿಡುವಾಗ ಪ್ರತಿ ಬಾಬತ್ತಿನ ಮುಂದೆ ಇದಕ್ಕೆ ಎಷ್ಟು ದಿನದ ಪಗಾರ ಎಂದು ಬರೆದರೆ ಯಾವುದನ್ನು ಬಿಡಬೇಕೆಂಬುದು ತಾನಾಗಿ ತಿಳಿಯುತ್ತದೆ. ಹಿತ್ತಿಲಿರುವವರು ಗೆಡ್ಡೆ, ಬಸಳೆ, ಬದನೆ ನೆಟ್ಟರೆ ಅಷ್ಟು ದಿನದ ಪಗಾರ ಮನೆಯಲ್ಲೇ ಉಳಿಯುತ್ತದೆ. ಜೊಯಿಡಾದ ಕುಣಬಿ ಸಮುದಾಯದ ಮನೆಗಳು ಗೆಡ್ಡೆಯ ತಳಿಗಳನ್ನು ಇಂದಿಗೂ ಕಾಪಾಡಿಕೊಂಡು ಬಂದಿವೆ, ಬೀಜದ ಗೆಡ್ಡೆ ಕೇಳಿ ತರಲು ದೂರ ಹೋಗಬೇಕಿಲ್ಲ.

ಸಾಲದ ಮಾತನ್ನು ಬಿಗಿಯಾಗಿಯೇ ಹೇಳಬೇಕು. ಕಿರಾಣಿ ಅಂಗಡಿಯ ಉದ್ರಿ ಸುಗ್ಗಿಯವರೆಗೆ ಕಾಯುತ್ತಿತ್ತು. ಕಿರುಸಾಲದ ವಾರದ ಕಂತು ಕಾಯುವುದಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮೊಬೈಲಿಗೆ, ಹಬ್ಬಕ್ಕೆ, ಮದುವೆಯ ಊಟಕ್ಕೆ ಕಂತಿನ ಸಾಲ ಬೇಡವೇ ಬೇಡ.

ಸಾಲಕ್ಕೆ ತಳ್ಳುವ ಇನ್ನೊಂದು ಖರ್ಚು ಆಸ್ಪತ್ರೆಯದು. ದೊಡ್ಡ ಕಾಯಿಲೆಗೆ ರಾಮನಗರದವರು ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕು. 2023ರ ಜೂನ್‌ನಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ, ಆದರೆ ಮದ್ದಿನ ಖರ್ಚು ದೊಡ್ಡದು. ಬಿಪಿಎಲ್ ಕಾರ್ಡಿನ ಮನೆಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಅದಕ್ಕೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ ರೆಫರಲ್ ಚೀಟಿ ಪಡೆಯಬೇಕು. ಮನೆಯವರ ಆಧಾರ್, ರೇಷನ್ ಕಾರ್ಡುಗಳಲ್ಲಿ ಹೆಸರು ಹೊಂದುತ್ತವೆಯೇ ಎಂದು ಕಾಯಿಲೆ ಬರುವ ಮೊದಲೇ ನೋಡಿಕೊಂಡಿರಬೇಕು.

ಇಂತಿ,
ಊರಿನ ಹಿರಿಯರೊಬ್ಬರು