ಚೀಟಿ ಇಲ್ಲದಿದ್ದರೆ ಗುರುತಿಸುವುದು ಹೇಗೆ? ಅಪಟೈಟ್ ಪಾಠದ ಅನುಭವ

ತರಗತಿ: 9. ವಿಷಯ: ವಿಜ್ಞಾನ. ಬೋಧನಾಂಶ: ಖನಿಜದ ಗುಣಗಳು ಮತ್ತು ಗುರುತಿಸುವಿಕೆ.

ಬೋಧನಾಭ್ಯಾಸದ ಎರಡನೇ ವಾರ ಹಸಿರು ಕಲ್ಲೊಂದನ್ನು ತೋರಿಸಿ, "ಇದೇನು?" ಎಂದು ಕೇಳಿದೆ. "ಪಚ್ಚೆ!" ಎಂದರು ಮಕ್ಕಳು. "ಅಲ್ಲ, ಇದು ಅಪಟೈಟ್, ಕ್ಯಾಲ್ಸಿಯಂ ಫಾಸ್ಫೇಟ್ ಇರುವ ಖನಿಜ" ಎಂದೆ. ಕೊನೆಯ ಬೆಂಚಿನ ಹುಡುಗಿ, "ನಿಮಗೆ ಹೇಗೆ ಗೊತ್ತಾಯ್ತು, ಮೇಡಂ?" ಎಂದಳು. ಪೆಟ್ಟಿಗೆಯ ಮೇಲಿದ್ದ ಚೀಟಿ ತೋರಿಸಿದೆ. "ಚೀಟಿ ಬಿದ್ದುಹೋಗಿದ್ದರೆ?" ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಪಾಠಯೋಜನೆಯನ್ನು ಹೊಸದಾಗಿ ಬರೆದೆ.

ಮರುದಿನ ಚೀಟಿ ಕಿತ್ತು, ಕಲ್ಲನ್ನು ಮಕ್ಕಳ ಕೈಗೇ ಕೊಟ್ಟೆ. ಹಸಿರು ಬಣ್ಣದ ಪಚ್ಚೆ (ಬೆರಿಲ್), ಫ್ಲೋರೈಟ್, ಅಪಟೈಟ್: ಈ ಮೂರರಲ್ಲಿ ಯಾವುದೆಂದು ಕಂಡುಹಿಡಿಯಬೇಕಿತ್ತು.

ಪರೀಕ್ಷೆ 1: ಪುಡಿಯ ಬಣ್ಣ. ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದಾಗ ಬಿಳಿ ಗೆರೆ ಬಿತ್ತು. ಅಪಟೈಟ್, ಫ್ಲೋರೈಟ್ ಎರಡರ ಪುಡಿಯೂ ಬಿಳಿಯೇ. ತೀರ್ಮಾನ ಸಾಧ್ಯವಿಲ್ಲ.

ಪರೀಕ್ಷೆ 2: ಸಾಪೇಕ್ಷ ಸಾಂದ್ರತೆ. ಸ್ಪ್ರಿಂಗ್ ತಕ್ಕಡಿಯಲ್ಲಿ ಗಾಳಿಯಲ್ಲಿ 96 ಗ್ರಾಂ, ನೀರಿನಲ್ಲಿ 66 ಗ್ರಾಂ ತೋರಿಸಿತು. 96 ÷ 30 = 3.2. ಪಚ್ಚೆಯದು ಸುಮಾರು 2.7; ಆದ್ದರಿಂದ ಪಚ್ಚೆಯಲ್ಲ. ಆದರೆ ಫ್ಲೋರೈಟ್‌ನದೂ ಸುಮಾರು 3.2!

ಪರೀಕ್ಷೆ 3: ಕಾಠಿಣ್ಯ. ಮೋಸ್ ಮಾಪಕದಲ್ಲಿ ಫ್ಲೋರೈಟ್ 4, ಅಪಟೈಟ್ 5, ಬೆಣಚುಕಲ್ಲು 7. ನಮ್ಮ ಕಲ್ಲು ಫ್ಲೋರೈಟ್ ತುಂಡನ್ನು ಗೀಚಿತು. ಬೆಣಚುಕಲ್ಲು ನಮ್ಮ ಕಲ್ಲನ್ನು ಗೀಚಿತು. ಗೀರು ಬಿದ್ದ ಜಾಗವನ್ನು ಒದ್ದೆ ಬೆರಳಿನಿಂದ ಒರೆಸಿ ನೋಡುವುದು ಅಗತ್ಯ. ಅಳಿಸಿಹೋದರೆ ಅದು ಗೀರಲ್ಲ, ಅಂಟಿದ ಪುಡಿ. ಚಾಕುವಿನಿಂದ ಸ್ಪಷ್ಟ ಗೀರು ಬೀಳುತ್ತದೆ ಎಂದು ಹೇಳಿಬಿಟ್ಟಿದ್ದೆ. ಬಿದ್ದದ್ದು ಮಸುಕು ಗುರುತು ಮಾತ್ರ. ಕಂಡದ್ದನ್ನೇ ಬರೆಯಿರಿ ಎಂದೆ. ಚಾಕುವಿನ ಕಾಠಿಣ್ಯ ಸುಮಾರು 5.5, ಅಂತರ ಕಡಿಮೆ, ಅದಕ್ಕೇ ಹಾಗೆ.

ಮೂರರಲ್ಲಿ ಉಳಿದದ್ದು ಅಪಟೈಟ್. "ಫಾಸ್ಫೇಟ್ ಇದೆ ಅಂತ ಇನ್ನೂ ಗೊತ್ತಾಗಿಲ್ಲವಲ್ಲ, ಮೇಡಂ?" ಎಂದಳು ಅದೇ ಹುಡುಗಿ. ಚೂರೊಂದರ ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಅಮೋನಿಯಂ ಮಾಲಿಬ್ಡೇಟ್ ಸೇರಿಸಿ, ಮೆಲ್ಲಗೆ ಬಿಸಿ ಮಾಡಿದೆ. ಹಳದಿ ಒತ್ತರ ಬಂತು. ಈ ಪರೀಕ್ಷೆಯನ್ನು ಶಿಕ್ಷಕರೇ ಮಾಡಬೇಕು. ಮಕ್ಕಳು ದೂರದಿಂದ ನೋಡಲಿ.

ಗ್ರೀಕ್ ಭಾಷೆಯಲ್ಲಿ 'ಮೋಸಗೊಳಿಸು' ಎಂಬರ್ಥದ ಪದದಿಂದ 1786ರಲ್ಲಿ ವೆರ್ನರ್ ಈ ಖನಿಜಕ್ಕೆ ಹೆಸರಿಟ್ಟರು; ಬೇರೆ ಖನಿಜಗಳೆಂದು ಭ್ರಮೆ ಹುಟ್ಟಿಸುತ್ತಿದ್ದುದೇ ಕಾರಣ. ಇದನ್ನು ಪಾಠದ ಕೊನೆಯಲ್ಲಿ ಹೇಳಿದೆ.

ಸ್ವಾವಲೋಕನ: ಮೊದಲ ದಿನ ನಾನು ಹೇಳಿದ ಹೆಸರು ಸರಿಯಾಗಿತ್ತು, ಪಾಠ ಸರಿಯಿರಲಿಲ್ಲ. ಹೆಸರು ಕೊನೆಗೆ ಬರಲಿ, ಪುರಾವೆ ಮೊದಲು ಬರಲಿ.