ಬಿರುಗಾಳಿ ಹೋದ ಮೇಲೆ ಬಂದ ಅಲೆ: ಒಂದು ಪಾಠ ಯೋಜನೆ

ತರಗತಿ: 9
ವಿಷಯ: ವಿಜ್ಞಾನ
ಅವಧಿ: 40 ನಿಮಿಷ

ಕಲಿಕಾ ಉದ್ದೇಶಗಳು
1. ವಾಯುಒತ್ತಡದ ಬದಲಾವಣೆಯಿಂದಲೂ ದೊಡ್ಡ ಅಲೆ ಏಳಬಹುದೆಂದು ವಿವರಿಸುವರು.
2. ನೀರಿನ ಆಳದಿಂದ ಅಲೆಯ ವೇಗವನ್ನು ಲೆಕ್ಕ ಹಾಕುವರು.

ಬೋಧನೋಪಕರಣಗಳು: ಉದ್ದನೆಯ ಟ್ರೇ, ನೀರು, ಉತ್ತರ ಅಮೆರಿಕದ ನಕ್ಷೆ.

ಪೀಠಿಕೆ
“ಸುನಾಮಿ ಏಕೆ ಬರುತ್ತದೆ?” ಎಂದು ಕೇಳಿರಿ. “ಭೂಕಂಪದಿಂದ” ಎಂಬ ಉತ್ತರ ಬರುತ್ತದೆ. ಅದನ್ನು ಒಪ್ಪಿಕೊಂಡು ಮುಂದಿನ ಪ್ರಶ್ನೆ ಹಾಕಿರಿ: “ಭೂಮಿ ನಡುಗದೆ, ಗಾಳಿಯೂ ನಿಂತ ಮೇಲೆ ಅಂಥ ಅಲೆ ಬರಬಹುದೇ?”

ವಿಷಯ ನಿರೂಪಣೆ
1954ರ ಜೂನ್ 26ರ ಬೆಳಿಗ್ಗೆ ಅಮೆರಿಕದ ಮಿಷಿಗನ್ ಸರೋವರವನ್ನು ಬಿರುಗಾಳಿಯ ಸಾಲೊಂದು ವಾಯವ್ಯದಿಂದ ಆಗ್ನೇಯಕ್ಕೆ ದಾಟಿತು. ಶಿಕಾಗೋ ದಡದಲ್ಲಿ ಗಾಳಿ ಅಡಗಿತು. ಜನ ಬಂದರಿನ ಕಟ್ಟೆಯ ಮೇಲೆ ಮೀನು ಹಿಡಿಯುತ್ತಿದ್ದರು. ಬಿರುಗಾಳಿ ಹೋಗಿ ಒಂದು ಗಂಟೆಗೂ ಹೆಚ್ಚು ಸಮಯವಾದ ಮೇಲೆ ಸುಮಾರು 3 ಮೀಟರ್ ಎತ್ತರದ ಅಲೆ ಅವರನ್ನು ಕೊಚ್ಚಿಕೊಂಡು ಹೋಯಿತು. ಹಲವರು ಸತ್ತರು.

ಕಾರಣವನ್ನು ಮೂರು ಹಂತದಲ್ಲಿ ತಿಳಿಸಿರಿ.

ಒತ್ತಡ: ವಾಯುಒತ್ತಡ 1 ಹೆಕ್ಟೊಪಾಸ್ಕಲ್ ಏರಿದರೆ ನೀರಿನ ಮಟ್ಟ ಸುಮಾರು 1 ಸೆಂ.ಮೀ. ತಗ್ಗುತ್ತದೆ. ಇದು ಅಲ್ಪವೇ.

ಅನುರಣನ: ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮತ್ತೆ ಮತ್ತೆ ತಳ್ಳಿದರೆ ಜೀಕು ದೊಡ್ಡದಾಗುತ್ತದೆ. ಹಾಗೆಯೇ ಬಿರುಗಾಳಿಯೂ ಅಲೆಯೂ ಒಂದೇ ವೇಗದಲ್ಲಿ ಸಾಗಿದರೆ, ಗಾಳಿ ಅಲೆಯನ್ನು ದಾರಿಯುದ್ದಕ್ಕೂ ತಳ್ಳುತ್ತಲೇ ಇರುತ್ತದೆ.

ಪ್ರತಿಫಲನ: ಅಲೆ ಎದುರು ದಡಕ್ಕೆ ಬಡಿದು ಹಿಂದಿರುಗಿತು. ಶಿಕಾಗೋಗೆ ತಡವಾಗಿ ತಲುಪಿದ್ದು ಇದರಿಂದ. ದಡದ ಬಳಿ ನೀರಿನ ಆಳ ಕಡಿಮೆಯಾದಂತೆ ಅಲೆ ಎತ್ತರವಾಯಿತು.

ಇಂಥ ಅಲೆಗೆ ಮೀಟಿಯೋಸುನಾಮಿ ಎಂದು ಹೆಸರು.

ಕಪ್ಪುಹಲಗೆ ಕಾರ್ಯ
ವೇಗ = √(ಗುರುತ್ವ ವೇಗೋತ್ಕರ್ಷ × ಆಳ)
ಸರೋವರದ ಸರಾಸರಿ ಆಳ 85 ಮೀ.
√(9.8 × 85) ≈ 29 ಮೀ./ಸೆ. ≈ ಗಂಟೆಗೆ 104 ಕಿ.ಮೀ.
ಅಂದಿನ ಬಿರುಗಾಳಿಯ ವೇಗವೂ ಗಂಟೆಗೆ ಸುಮಾರು 100 ಕಿ.ಮೀ. ಎರಡನ್ನೂ ಮಕ್ಕಳೇ ಹೋಲಿಸಲಿ.

ಚಟುವಟಿಕೆ
ಟ್ರೇಯಲ್ಲಿ ಎರಡು ಬೆರಳು ನೀರು ಹಾಕಿ, ಒಂದು ತುದಿಯನ್ನು ತುಸು ಎತ್ತಿ ಇಳಿಸಿರಿ. ಅಲೆ ಹೋಗಿ ಹಿಂದಿರುಗುವುದನ್ನು ಗಮನಿಸಲಿ. ಅಲೆ ಮರಳಿದಾಗಲೆಲ್ಲ ಮತ್ತೆ ಎತ್ತಿ ಇಳಿಸಿದರೆ ಏನಾಗುತ್ತದೆಂದು ಮೊದಲು ಊಹಿಸಿ, ನಂತರ ಮಾಡಿ ನೋಡಲಿ.

ಬೋಧಕರ ಗಮನಕ್ಕೆ
ಗಾಳಿಯೇ ನೀರನ್ನು ದಡಕ್ಕೆ ನೂಕಿತೆಂದು ಮಕ್ಕಳು ತಿಳಿಯುವ ಸಂಭವವಿದೆ. “ಹಾಗಾದರೆ ಗಾಳಿ ನಿಂತ ಮೇಲೆ ಅಲೆ ಬಂದದ್ದು ಹೇಗೆ?” ಎಂಬ ಪ್ರಶ್ನೆಯೇ ಇದಕ್ಕೆ ಪರಿಹಾರ.

ಮೌಲ್ಯಮಾಪನ
1. ಬಿರುಗಾಳಿಯ ವೇಗ ಅರ್ಧದಷ್ಟಿದ್ದರೆ ಅಲೆ ಅಷ್ಟೇ ಬೆಳೆಯುತ್ತಿತ್ತೇ? ಏಕೆ?
2. ಗಾಳಿ ನಿಂತ ತಕ್ಷಣ ದಡಕ್ಕೆ ಇಳಿಯುವುದು ಏಕೆ ಅಪಾಯ?

ಗೃಹಪಾಠ
50 ಮೀ. ಆಳದ ನೀರಿನಲ್ಲಿ ಅಲೆಯ ವೇಗವನ್ನು ಕಂಡುಹಿಡಿಯಿರಿ.